ಪದಚರ್ಚೆ: ಭೂಕಂಪಕ್ಕೆ ಮಳೆ ಕಾರಣವೋ, ನಿಮಿತ್ತವೋ, ನೆಪವೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಯ ಮೇಷ್ಟ್ರು. ಸೆಪ್ಟೆಂಬರ್ 30 ಬಂತೆಂದರೆ ನಮ್ಮ ಶಾಲೆಯ ಗೋಡೆಗೆ ಭೂಕಂಪದ ಬಗ್ಗೆ ಮಕ್ಕಳು ಬರೆದ ಭಿತ್ತಿಪತ್ರಿಕೆ ಅಂಟುತ್ತದೆ. ಲಾತೂರು ಜಿಲ್ಲೆಯ ಕಿಲ್ಲಾರಿ ನಮಗೆ ದೂರದ ಊರಲ್ಲ, ಉಮರ್ಗಾ ದಾಟಿದರೆ ಬಂತು. 1993ರಲ್ಲಿ ಗಣಪತಿ ಬಿಟ್ಟು ಬಂದು ಮಲಗಿದ ಜನ ಬೆಳಗಿನ ಜಾವ 3.56ಕ್ಕೆ ಕಲ್ಲುಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಗಳ ಅಡಿಯಲ್ಲಿ ಸಿಕ್ಕಿಬಿದ್ದರು. ಸತ್ತವರು ಸುಮಾರು 10 ಸಾವಿರ. ಈಗಲೂ ನಮ್ಮೂರಿನ ಕೆಲವು ಹಿರಿಯರು ಮಾಳಿಗೆ ಮನೆಯಿದ್ದೂ ಅಂಗಳದಲ್ಲಿ ಮಲಗುತ್ತಾರೆ. ಕೇಳಿದರೆ ಸೆಕೆ ಎನ್ನುತ್ತಾರೆ. ಚಳಿಗಾಲದಲ್ಲಿಯೂ ಅದನ್ನೇ ಹೇಳುತ್ತಾರೆ.

ಈ ಸಲ ಮಕ್ಕಳು ಕಿಲ್ಲಾರಿಗಷ್ಟೇ ನಿಲ್ಲಲಿಲ್ಲ. ಮೊಬೈಲ್‌ನಲ್ಲಿ ಅವರು ಮ್ಯಾನ್ಮಾರ್ ನೋಡಿದ್ದಾರೆ, ಕಮ್ಚಾಟ್ಕಾ ನೋಡಿದ್ದಾರೆ, ಅಫ್ಗಾನಿಸ್ತಾನದ ಕುನಾರ್ ನೋಡಿದ್ದಾರೆ. ಮೂರೂ 2025ರವು. ಏಳನೆಯ ತರಗತಿಯ ಒಬ್ಬ ಹುಡುಗಿ ತನ್ನ ಬರಹಕ್ಕೆ ಕೊಟ್ಟ ತಲೆಬರಹ ಹೀಗಿತ್ತು: ‘ಭೂಕಂಪವನ್ನು ಎಬ್ಬಿಸುವವು ಯಾವುವು?’ ನಾನು ಕೆಂಪು ಶಾಯಿಯಲ್ಲಿ ‘ಎಬ್ಬಿಸುವವು’ ಎಂಬುದನ್ನು ಹೊಡೆದು ‘ಪ್ರಚೋದಿಸುವ ಅಂಶಗಳು’ ಎಂದು ತಿದ್ದಿದೆ. ತಿದ್ದಿದ್ದು ಸರಿಯಾಯಿತೇ ಎಂಬ ಅನುಮಾನ ಅಂದೇ ಸಂಜೆ ಹತ್ತಿತು. ಅದನ್ನೇ ಬಳಗದ ಮುಂದೆ ಇಡುತ್ತಿದ್ದೇನೆ.

ವಿಷಯ ಇದು. ಇಂಗ್ಲಿಷಿನಲ್ಲಿ ‘ಕಾಸ್’ (ಉಂಟುಮಾಡುವುದು) ಬೇರೆ, ‘ಟ್ರಿಗರ್’ (ಮೊದಲೇ ಸಿದ್ಧವಾಗಿದ್ದುದನ್ನು ಕದಲಿಸುವುದು) ಬೇರೆ. ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ‘ಕಾರಣ’ ಒಂದೇ. 2021ರಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬಂದು ಮನೆಗಳು ನಡುಗಿದಾಗ, ಜನ ಊರು ಬಿಟ್ಟು ಹೊರಟಾಗ, ಭಾರಿ ಮಳೆಯ ನೀರು ಕಲ್ಲಿನ ಸಂದುಗಳಿಗೆ ಇಳಿದದ್ದು ಅದಕ್ಕೆ ಟ್ರಿಗರ್ ಆಗಿರಬಹುದು ಎಂದು ತಜ್ಞರು ಹೇಳಿದರು. ಅದು ಬಾಯಿಂದ ಬಾಯಿಗೆ ದಾಟಿ ನಮ್ಮ ಕಟ್ಟೆಗೆ ಬರುವಷ್ಟರಲ್ಲಿ ‘ಮಳೆಯೇ ಕಾರಣವಂತೆ’ ಎಂದಾಯಿತು. ಆಗ ಕಟ್ಟೆಯ ಮೇಲೆ ಕುಳಿತ ರೈತ ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಕೊಂಕಣದಲ್ಲಿ ಇಷ್ಟೊಂದು ಮಳೆ ಸುರಿಯುತ್ತದೆ, ಅಲ್ಲಿ ದಿನಾ ಭೂಕಂಪ ಏಕಾಗುವುದಿಲ್ಲ? ‘ಕಾರಣ’ ಎಂದ ಮೇಲೆ ಈ ಪ್ರಶ್ನೆಗೆ ಉತ್ತರವಿಲ್ಲ. ಬೇರೆ ಪದವಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ನನ್ನ ತಿಳಿವಳಿಕೆ ಇಷ್ಟು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ಹೇರಬೇಕಾದದ್ದಕ್ಕಿಂತ ಹೆಚ್ಚು ಹೇರಿಕೊಂಡು ಬರುವ ಟ್ರೇಲರ್ ಅಂಗೈಯಗಲದ ಗುಂಡಿಗೆ ಚಕ್ರ ಇಳಿದೊಡನೆ ಮಗುಚಿಕೊಳ್ಳುತ್ತದೆ. ಬರಿಯ ಟ್ರೇಲರ್ ಅದೇ ಗುಂಡಿಯ ಮೇಲೆ ನೂರು ಸಲ ಹೋಗಿರುತ್ತದೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಲೆಕ್ಕದಲ್ಲಿ ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡದ ಒಂದು ಪಾಲು ನಮ್ಮ ಕರಿನೆಲದ ಕೆಳಗಿನ ಹಳೆಯ ಬಿರುಕುಗಳಲ್ಲಿಯೂ ಸಾವಿರಾರು ವರ್ಷ ಕೂಡುತ್ತಾ ಬರುತ್ತದೆ. ಅದು ಹೇರು. ಮಳೆ, ಅಣೆಕಟ್ಟಿನ ನೀರು, ಇನ್ನೊಂದು ಭೂಕಂಪದ ಅಲೆ, ಇವು ಗುಂಡಿಗಳು. ಈ ‘ಗುಂಡಿ’ಗೆ ಪದ ಬೇಕು.

ಮೊದಲು ಹೊಳೆದದ್ದು ನಿಮಿತ್ತ. ‘ಅವನು ನಿಮಿತ್ತ ಮಾತ್ರ’ ಎನ್ನುವಾಗ ನಾವು ಹೇಳುವುದು ಇದನ್ನೇ. ಮರಾಠಿಯಲ್ಲಿಯೂ ಇದೇ ಪದ, ಇದೇ ಧ್ವನಿ. ಗಡಿಯ ಮಕ್ಕಳಿಗೆ ಒಂದೇ ಪದದಲ್ಲಿ ಎರಡು ಭಾಷೆ ಸಿಗುತ್ತದೆ. ಆದರೆ ವಾಕ್ಯದಲ್ಲಿಟ್ಟು ನೋಡಿದೆ: ‘ಮಳೆಯ ನಿಮಿತ್ತ ಭೂಕಂಪ.’ ‘ಗಣೇಶೋತ್ಸವದ ನಿಮಿತ್ತ ರಂಗೋಲಿ ಸ್ಪರ್ಧೆ’ ಎಂಬ ಬ್ಯಾನರ್ ಕಣ್ಣಿಗೆ ಬಂತು, ಅತಿಥಿಗಳ ಹೆಸರಷ್ಟೇ ಬಾಕಿ. ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹಳಗನ್ನಡದಲ್ಲಿ ನಿಮಿತ್ತವೆಂದರೆ ಶಕುನವೂ ಹೌದು, ಶಕುನ ಹೇಳುವವನು ನೈಮಿತ್ತಿಕ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯವಿದೆ. ನೀರಿನೊಳಗಿನ ದೊಡ್ಡ ಪ್ರಾಣಿಗಳ ಓಡಾಟ, ಭೂಮಿ ಹೊತ್ತ ದಿಗ್ಗಜಗಳ ನಿಟ್ಟುಸಿರು, ಗಾಳಿಗೆ ಗಾಳಿ ಬಡಿಯುವುದು ಎಂದು ಹಿಂದಿನವರ ಮತಗಳನ್ನೆಲ್ಲ ಆತ ಪಟ್ಟಿ ಮಾಡುತ್ತಾನೆ. ಅವರ ಕಾಲಕ್ಕೆ ಅದು ಸರಿ. ಗ್ರಹಗಳು ಸಾಲಾಗಿ ನಿಂತಿದ್ದರಿಂದಲೇ ಮ್ಯಾನ್ಮಾರ್ ನಡುಗಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಈ ಕಾಲದಲ್ಲಿ ಶಕುನದ ವಾಸನೆಯಿರುವ ಪದವನ್ನು ನಾನೇ ಮಕ್ಕಳ ಕೈಗೆ ಕೊಡುವುದು ಬೇಡವೆನಿಸಿತು. ವೇದಾಂತ ಬಲ್ಲವರ ಆಕ್ಷೇಪ ಬೇರೆ: ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಕುಂಬಾರನಿಲ್ಲದೆ ಮಡಕೆಯೇ ಇಲ್ಲ. ಮಳೆ ಬಾರದಿದ್ದರೂ ಭೂಕಂಪ ಒಂದು ದಿನ ಆಗಿಯೇ ತೀರುತ್ತಿತ್ತು.

ಎರಡನೆಯದು ನೆಪ. ನಮ್ಮ ಅಜ್ಜಿ ಯಾರದಾದರೂ ಸಾವಿನ ಸುದ್ದಿ ಬಂದರೆ ‘ಹೋಗುವ ಜೀವಕ್ಕೆ ಒಂದು ನೆಪ’ ಎನ್ನುತ್ತಿದ್ದಳು. ಜ್ವರ ನೆಪ, ಕಾಲು ಜಾರಿದ್ದು ನೆಪ. ಒಳಗಿನದು ಮೊದಲೇ ಮುಗಿದಿತ್ತು. ಟ್ರಿಗರ್ ಎಂಬುದರ ತಿರುಳಿಗೆ ಇದಕ್ಕಿಂತ ಹತ್ತಿರದ ಪದ ಇನ್ನೊಂದು ನನಗೆ ಕಾಣಲಿಲ್ಲ. ‘ಕೊಯ್ನಾ ಕಂಪಕ್ಕೆ ಅಣೆಕಟ್ಟಿನ ನೀರು ನೆಪವಾಯಿತು’ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಈ ವಾಕ್ಯವನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಓದಿಸಿದಾಗ ಅವರು ಹುಬ್ಬು ಗಂಟಿಕ್ಕಿದರು. ‘ಸರ್, ನೆಪ ಎಂದರೆ ಸುಳ್ಳು ಕಾರಣ. ಮನೆಪಾಠ ಮಾಡದ ಹುಡುಗ ಹೇಳುವುದು ನೆಪ. ಅಣೆಕಟ್ಟಿನದು ಸುಳ್ಳೇನೂ ಅಲ್ಲವಲ್ಲ’ ಎಂದರು. ಮಾತು ಸರಿ.

ಕೊಯ್ನಾದ ಕತೆ ಸ್ವಲ್ಪ ಹೇಳಲೇಬೇಕು, ಪದದ ಜಗಳ ನಿಜವಾಗಿ ನಡೆದದ್ದೇ ಅಲ್ಲಿ. ಸಾತಾರಾ ಜಿಲ್ಲೆಯ ಆ ಜಲಾಶಯದಲ್ಲಿ 1962ರ ಹೊತ್ತಿಗೆ ನೀರು ನಿಲ್ಲಲು ಶುರುವಾಯಿತು, ಹಿಂದೆಯೇ ಸಣ್ಣ ನಡುಕಗಳೂ ಶುರುವಾದವು. 1967ರ ಡಿಸೆಂಬರ್ 11ರಂದು 6.3ರ ಕಂಪ ಬಂತು. ಇನ್ನೂರರ ಹತ್ತಿರ ಜನ ಸತ್ತರು. ಜಲಾಶಯದ ನೆಪದಿಂದ ಆದ ಭೂಕಂಪಗಳಲ್ಲಿ ಜಗತ್ತಿನಲ್ಲಿಯೇ ದೊಡ್ಡದು ಎಂದು ಅದನ್ನು ಇಂದಿಗೂ ಹೇಳುತ್ತಾರೆ. ನೀರಿನ ತೂಕ ಮಾತ್ರವಲ್ಲ, ನೀರು ಬಿರುಕಿಗೆ ಇಳಿದು ಒಳಗಿನಿಂದ ಒತ್ತುವುದು ಮುಖ್ಯ. ಬಿಗಿಯಾಗಿ ಕಚ್ಚಿಕೊಂಡ ಎರಡು ಬಂಡೆಗಳ ನಡುವಿನ ಹಿಡಿತ ಅದರಿಂದ ಸಡಿಲುತ್ತದೆ. ಇದನ್ನು ವಿಜ್ಞಾನಿಗಳು ಮೊದಲು ‘ಇಂಡ್ಯೂಸ್ಡ್’ ಎನ್ನುತ್ತಿದ್ದರು. ಆಮೇಲೆ ಕೊಯ್ನಾದ ಅಧ್ಯಯನದಲ್ಲಿ ಬಹುಕಾಲ ತೊಡಗಿದ ಹರ್ಷ ಗುಪ್ತಾ ಮೊದಲಾದವರು ‘ಟ್ರಿಗರ್ಡ್’ ಎಂಬುದೇ ಸರಿ ಎಂದರು. ಕಂಪಕ್ಕೆ ಬೇಕಾದ ಒತ್ತಡದ ಬಹುಪಾಲನ್ನು ಮನುಷ್ಯನ ಕೆಲಸವೇ ಒದಗಿಸಿದ್ದರೆ ಮೊದಲನೆಯದು. ಒತ್ತಡ ಮೊದಲೇ ಇದ್ದು ನಾವು ಒಂದಿಷ್ಟು ಸೇರಿಸಿದ್ದರೆ ಎರಡನೆಯದು. ಅಮೆರಿಕದ ಓಕ್ಲಹೋಮಾದಲ್ಲಿ ಎಣ್ಣೆ ಬಾವಿಗಳ ಕೊಳಕು ನೀರನ್ನು ಆಳಕ್ಕೆ ಹೊಡೆಯತೊಡಗಿದ ಮೇಲೆ, ವರ್ಷಕ್ಕೆ ಒಂದೆರಡು ಆಗುತ್ತಿದ್ದ 3ರ ಮೇಲಿನ ಕಂಪಗಳು 2015ರಲ್ಲಿ 900 ದಾಟಿದವು. ಅದನ್ನು ಹೆಚ್ಚಾಗಿ ‘ಇಂಡ್ಯೂಸ್ಡ್’ ಎಂದೇ ಬರೆಯುತ್ತಾರೆ. ಕನ್ನಡದಲ್ಲಿ ಎರಡನ್ನೂ ‘ಪ್ರೇರಿತ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಮೊದಲನೆಯದಕ್ಕೆ ಪ್ರೇರಿತ, ಎರಡನೆಯದಕ್ಕೆ ಚೋದಿತ ಎಂದು ಹಂಚಬಹುದು; ಪಠ್ಯಪುಸ್ತಕಕ್ಕೆ ಅದು ಸಾಕು. ಏಳನೆಯ ತರಗತಿಯ ಗೋಡೆಗೆ ಸಾಲದು.

ಮೂರನೆಯದು ಕುದುರೆ. ಬಂದೂಕಿನ ಟ್ರಿಗರ್‌ಗೆ ಕನ್ನಡದಲ್ಲಿ ಕುದುರೆ ಎನ್ನುತ್ತಾರೆ, ಮರಾಠಿಯವರ ಘೋಡಾ ಇದ್ದಂತೆ. ಮದ್ದು ತುಂಬಿದ್ದರೆ ಮಾತ್ರ ಕುದುರೆ ಎಳೆದು ಪ್ರಯೋಜನ. ಉಪಮೆ ಚೊಕ್ಕವಾಗಿದೆ. ಆದರೆ ‘ಭೂಕಂಪದ ಕುದುರೆಗಳು’ ಎಂದು ಭಿತ್ತಿಪತ್ರಿಕೆಯಲ್ಲಿ ಬರೆದರೆ ಹಿಂದಿನ ಬೆಂಚಿನವರು ಅದಕ್ಕೆ ಬಾಲ ಬರೆಯದೆ ಬಿಡುವುದಿಲ್ಲ. ಕುಮ್ಮಕ್ಕು, ಚಿತಾವಣೆ ಇವೆರಡೂ ಮನುಷ್ಯರ ಹುನ್ನಾರದ ಪದಗಳು. ಅಲಂಕಾರಶಾಸ್ತ್ರದ ಉದ್ದೀಪನ ಕೆಲಸಕ್ಕೆ ಬರುತ್ತಿತ್ತೇನೋ, ಕ್ರೀಡಾಪುಟದವರು ಅದನ್ನು ಮದ್ದಿಗೆ ಅಂಟಿಸಿ ಕೆಡಿಸಿಟ್ಟಿದ್ದಾರೆ.

ಇಲ್ಲಿ ಗಡಿಯವರಿಗೆ ಮಾತ್ರ ಕಾಡುವ ಇನ್ನೊಂದು ಪದ ಹೇಳಿಬಿಡುತ್ತೇನೆ, ಕೇಳಿದರೆ ನಗುತ್ತೀರಿ. ಮರಾಠಿ ಪತ್ರಿಕೆಗಳಲ್ಲಿ ‘ಭೂಕಂಪಾಚೆ ಸೌಮ್ಯ ಧಕ್ಕೆ’ ಎಂದು ಬರುತ್ತದೆ. ಅಲ್ಲಿ ಧಕ್ಕೆ ಎಂದರೆ ಅದುರು, ತಳ್ಳಿದಂತಾಗುವುದು. ವಿಜಯಪುರದ ಕಡೆ 2022ರ ಜುಲೈನಲ್ಲಿ ಆದ ಕಂಪ ಸೊಲ್ಲಾಪುರ, ಸಾಂಗಲಿಗಳಲ್ಲಿಯೂ ತಿಳಿಯಿತು. ಆಗ ನಮ್ಮ ಕಡೆಯ ಯಾರೋ ಪುಣ್ಯಾತ್ಮರು ಅದನ್ನು ‘ಭೂಕಂಪದಿಂದ ಸೊಲ್ಲಾಪುರಕ್ಕೆ ಸೌಮ್ಯ ಧಕ್ಕೆ’ ಎಂದು ಕನ್ನಡಿಸಿ ಹಂಚಿದರು. ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಗಾಬರಿಯಿಂದ ಫೋನ್ ಮಾಡಿದರು. ಕನ್ನಡದಲ್ಲಿ ಧಕ್ಕೆ ಎಂದರೆ ಹಾನಿ, ಮಾನಕ್ಕೆ ಬರುವಂಥದ್ದು. ಸೌಮ್ಯ ಎಂದರೆ ಸ್ವಭಾವ ಒಳ್ಳೆಯದು. ಒಳ್ಳೆಯ ಸ್ವಭಾವದ ಹಾನಿ ಎಂಥದು ಎಂದು ಅವರಿಗೆ ಅರ್ಥವಾಗಲಿಲ್ಲವಂತೆ. ಈ ಜಾಗಕ್ಕೆ ‘ಲಘು ನಡುಕ’ ಸಾಕು.

‘ತೀವ್ರತೆ’ಯ ಬಗ್ಗೆ ಬಳಗದಲ್ಲಿ ಯಾರಾದರೂ ಹಿಂದೆಯೇ ಬರೆದಿರಬಹುದು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಮ್ಯಾನ್ಮಾರ್ ಕಂಪದ 7.7 ಎಂಬುದು ಕಂಪಕ್ಕೆ ಸೇರಿದ ಒಂದೇ ಸಂಖ್ಯೆ. ಮಾಂಡಲೆಯಲ್ಲಿ ಅದು ಎಷ್ಟು ಕುಲುಕಿತು, ಸಾವಿರ ಕಿಲೋಮೀಟರ್ ಆಚೆ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಗಗನಚುಂಬಿ ಕಟ್ಟಡ ಕುಸಿಯುವಷ್ಟು ಹೇಗೆ ಕುಲುಕಿತು ಎಂಬುದು ಊರೂರಿಗೆ ಬೇರೆ. ಊರಿನದು ತೀವ್ರತೆ, ಕಂಪದ್ದು ಪರಿಮಾಣ. ನಾವು ಮೊದಲನೆಯ ಪದವನ್ನು ಎರಡನೆಯದಕ್ಕೆ ಕೊಟ್ಟುಬಿಟ್ಟು, ಊರಿನದಕ್ಕೆ ಪದವಿಲ್ಲದೆ ನಿಂತಿದ್ದೇವೆ. ಪರಿಮಾಣ ಒಂದು ಅಂಕ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ ಎಂಬುದನ್ನು ‘ತೀವ್ರತೆ’ ಎಂಬ ಪದವಿಟ್ಟುಕೊಂಡು ಮಕ್ಕಳಿಗೆ ತಿಳಿಸಲು ಹೋಗಿ ನಾನೇ ಒಮ್ಮೆ ಎಡವಿದ್ದೇನೆ.

ಇನ್ನು ಒಂದು ಕಂಪ ಮತ್ತೊಂದಕ್ಕೆ ನೆಪವಾಗುವ ವಿಚಾರ. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ 7.8ರದು ಆಗಿ ಒಂಬತ್ತು ಗಂಟೆಗೆ 7.5ರದು ಬಂತು, ಅದೂ ಬೇರೊಂದು ಸ್ತರಭಂಗದಲ್ಲಿ, ಅಂದರೆ ನೆಲದೊಳಗಿನ ಬೇರೊಂದು ಬಿರುಕಿನಲ್ಲಿ. ಅದನ್ನು ಪಶ್ಚಾತ್‌ಕಂಪನ (ದೊಡ್ಡದರ ಬೆನ್ನಿಗೆ ಬರುವ ಮರುನಡುಕ) ಎಂದರೆ ಹುಲಿಯನ್ನೇ ಬಾಲವೆಂದಂತೆ, ಅಲ್ಲವೆಂದರೆ ಅದನ್ನು ಎಬ್ಬಿಸಿದ ಮೊದಲ ಹುಲಿಯನ್ನೇ ಬಿಟ್ಟಂತೆ. ಕಮ್ಚಾಟ್ಕಾದಲ್ಲಿ 2025ರ ಜುಲೈ 20ರಂದು 7.4ರದು ಆದಾಗ ಅದೇ ಮುಖ್ಯ ಕಂಪ. ಹತ್ತು ದಿನಕ್ಕೆ 8.8ರದು ಬಂದ ಮೇಲೆ ಅದು ಪೂರ್ವಕಂಪನವಾಯಿತು. ಹಿರಿಯಣ್ಣನೆಂದು ಹತ್ತು ದಿನ ಮೆರೆದವನು ತಮ್ಮನಾದ. ಜಪಾನಿನ ನೋಟೊದಲ್ಲಿ 2020ರ ಕೊನೆಯಿಂದ ಸಣ್ಣ ಕಂಪಗಳು ಹಿಂಡು ಹಿಂಡಾಗಿ ಬರುತ್ತಲೇ ಇದ್ದವು, ಆಳದಿಂದ ಮೇಲೇರುವ ದ್ರವ ಅವುಗಳ ಹಿಂದಿದೆ ಎಂದು ವಿಜ್ಞಾನಿಗಳು ಹೇಳುತ್ತಿದ್ದರು. 2024ರ ಜನವರಿ 1ರಂದು 7.5ರದು ಬಡಿಯಿತು. ಆ ಹಿಂಡಿನ ಕೆಲವು ಕಂಪಗಳಿಗೆ ಹಿಮ ಮತ್ತು ಮಳೆಯ ಭಾರವೂ ಒಂದಿಷ್ಟು ನೆಪವಾಗಿರಬಹುದು ಎಂಬ ಅಧ್ಯಯನವೂ ಬಂದಿದೆ. ನೋಡಿ, ಬೇಡವೆಂದರೂ ಕೈ ‘ನೆಪ’ ಎಂದೇ ಬರೆಯುತ್ತಿದೆ.

‘ಈಗೀಗ ಜಾಸ್ತಿಯಾಗಿವೆಯಲ್ಲ’ ಎಂಬ ಮಾತಿಗೆ ಮಕ್ಕಳಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ: 7 ಮತ್ತು ಅದಕ್ಕಿಂತ ದೊಡ್ಡ ಕಂಪಗಳು ವರ್ಷಕ್ಕೆ ಸರಾಸರಿ 16 ಆಗುತ್ತವೆ, ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಹೆಚ್ಚಾಗಿರುವುದು ಮೊಬೈಲ್‌ಗಳು.

ಮತ್ತೆ ಆ ಕೆಂಪು ಶಾಯಿಗೆ ಬರುತ್ತೇನೆ. ಹುಡುಗಿ ಬರೆದ ‘ಎಬ್ಬಿಸು’ ತಪ್ಪೇ? ಎಬ್ಬಿಸಬೇಕಾದರೆ ಮಲಗಿದ್ದದ್ದು ಒಂದು ಇರಬೇಕು; ಎಬ್ಬಿಸಿದವನು ಅದನ್ನು ಹುಟ್ಟಿಸಿದವನಲ್ಲ. ಧೂಳೆಬ್ಬಿಸುವ ಗಾಳಿ ಧೂಳನ್ನು ತಂದದ್ದಲ್ಲ, ಅದು ಅಲ್ಲೇ ಕೂತಿತ್ತು. ‘ಮಳೆ ಎಬ್ಬಿಸಿದ ಕಂಪ’, ‘ಕಂಪ ಎಬ್ಬಿಸಿದ ಕಂಪ’, ‘ಜಲಾಶಯ ಎಬ್ಬಿಸಿದ ಕಂಪ’. ಹೀಗೆ ಬರೆದಾಗ ಕೊಂಕಣದ ಮಳೆಯ ಬಗ್ಗೆ ಕೇಳಿದ ರೈತನಿಗೆ ಉತ್ತರ ಪದದಲ್ಲೇ ಇದೆ: ಎಬ್ಬಿಸಲು ಏನಾದರೂ ಮಲಗಿರಬೇಕು, ಬರಿಯ ಮಳೆ ಸಾಲದು. ಎದುರು ವಾದವನ್ನೂ ನಾನೇ ಹೇಳುತ್ತೇನೆ. ಜಗಳ ಎಬ್ಬಿಸುತ್ತಾರೆ, ಸುದ್ದಿ ಎಬ್ಬಿಸುತ್ತಾರೆ, ಗುಲ್ಲೆಬ್ಬಿಸುತ್ತಾರೆ. ಅಲ್ಲಿ ಮೊದಲು ಏನೂ ಇರಲಿಲ್ಲ. ಇಲ್ಲದ್ದನ್ನು ಹುಟ್ಟಿಸುವುದಕ್ಕೂ ಅದೇ ಕ್ರಿಯಾಪದ. ಹಾಗಾದರೆ ನಾನು ಹುಡುಕುತ್ತಿರುವ ಗೆರೆ ಇಲ್ಲಿಯೂ ಅಳಿಸಿಹೋಯಿತೇ?

ತಿಳಿದವರು ದಯವಿಟ್ಟು ಹೇಳಬೇಕು. ಎಬ್ಬಿಸು ಎಂಬುದರ ಹಳೆಯ ಪ್ರಯೋಗಗಳಲ್ಲಿ ಇಲ್ಲದ್ದನ್ನು ಹುಟ್ಟಿಸುವ ಅರ್ಥ ಇದೆಯೇ, ಅಥವಾ ಅದು ಈಚಿನದೇ? ಕಾಸರಗೋಡಿನ ಕಡೆಯವರು, ಹೊಸೂರು ಮತ್ತು ತಾಳವಾಡಿಯವರು, ಮಡಕಶಿರಾದವರು ನಿಮ್ಮ ಮನೆಮಾತಿನಲ್ಲಿ ‘ಹೋಗುವ ಜೀವಕ್ಕೆ’ ಏನು ಬೇಕೆನ್ನುತ್ತೀರಿ: ನೆಪವೋ, ನೆವವೋ, ನಿಮಿತ್ತವೋ, ಬೇರೆ ಏನಾದರೂ ಇದೆಯೋ? ಭಿತ್ತಿಪತ್ರಿಕೆಯ ತಲೆಬರಹದ ಜಾಗಕ್ಕೆ ಸದ್ಯಕ್ಕೆ ಬಿಳಿ ಕಾಗದ ಅಂಟಿಸಿಟ್ಟಿದ್ದೇನೆ. ಹುಡುಗಿ ಎರಡು ಸಲ ಬಂದು ನೋಡಿಕೊಂಡು ಹೋದಳು.