ಬಾಸ್ಟನ್ನಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ: ರೆಡ್ ಸಾಕ್ಸ್ ಸೋತ ಕಥೆ ಮೊದಲು ಹೇಳಿ

ಮಗ ರೆಡ್ ಸಾಕ್ಸ್ ಟೋಪಿ ತಲೆಯಿಂದ ತೆಗೆಯುತ್ತಿಲ್ಲ, ಬೇಸ್‌ಬಾಲ್‌ನ ಗಂಧಗಾಳಿ ನಮಗಿಲ್ಲ, ಅವನ ಜೊತೆ ಏನು ಮಾತಾಡೋದು ಅಂತ ಮೊನ್ನೆ ಒಬ್ಬರು ಗುಂಪಿನಲ್ಲಿ ಕೇಳಿದ್ದರು. ಕೆಲವರು ಆಟದ ನಿಯಮ ತಿಳಿಸುವ ವಿಡಿಯೋ ಕಳಿಸಿದ್ದೀರಿ. ಒಳ್ಳೆಯದೇ. ಆದರೆ ನಿಯಮವನ್ನು ಅವನೇ ಕಲಿಯುತ್ತಾನೆ, ನಿಮಗೂ ಕಲಿಸುತ್ತಾನೆ. ನೀವು ಕೂತು ಹೇಳಬೇಕಾದದ್ದು ಈ ತಂಡ ಸೋತ ಕಥೆ.

ಯಾಕಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಗೆದ್ದ ರೆಡ್ ಸಾಕ್ಸ್ ಮಾತ್ರ. 2004, 2007, 2013, 2018. ನಾಲ್ಕು ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಏಳು ಪಂದ್ಯಗಳ ಫೈನಲ್! ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಅವರ ನೆನಪಿನಲ್ಲಿರುವ ತಂಡವೇ ಬೇರೆ. 1918ರಲ್ಲಿ ಗೆದ್ದ ಮೇಲೆ ಈ ಊರು 86 ವರ್ಷ ಕಾಯಿತು. ನಡುವೆ 1946, 1967, 1975, 1986ರಲ್ಲಿ ವರ್ಲ್ಡ್ ಸೀರೀಸ್ ತನಕ ಹೋಗಿತ್ತು. ನಾಲ್ಕು ಸಲವೂ ಏಳನೆಯ, ಅಂದರೆ ಕೊನೆಯ ಪಂದ್ಯದಲ್ಲಿ ಸೋತಿತು. ತಾರಾ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕಿನ ಎದುರಾಳಿ ತಂಡ ಯಾಂಕೀಸ್‌ಗೆ ಮಾರಿದ ಶಾಪ ಇದು ಅಂತ ಜನ ಹೇಳಿಕೊಳ್ಳುತ್ತಿದ್ದರು.

ನಾವು ಇಲ್ಲಿಗೆ ಬಂದ ಹೊಸದರಲ್ಲಿ, 2003ರ ಅಕ್ಟೋಬರ್‌ನಲ್ಲಿ, ವರ್ಲ್ಡ್ ಸೀರೀಸ್‌ಗೆ ಯಾರು ಹೋಗಬೇಕು ಅಂತ ತೀರ್ಮಾನಿಸುವ ಸರಣಿಯಲ್ಲಿ ಯಾಂಕೀಸ್ ವಿರುದ್ಧ ಏಳನೆಯ ಪಂದ್ಯ. ಬೇಸ್‌ಬಾಲ್ ಒಂಬತ್ತು ಇನ್ನಿಂಗ್ಸ್‌ನ ಆಟ, ಸಮ ಆದರೆ ಮುಂದುವರಿಯುತ್ತದೆ. ಎಂಟನೇ ಇನ್ನಿಂಗ್ಸ್‌ನಲ್ಲಿ ರೆಡ್ ಸಾಕ್ಸ್ 5-2 ಮುಂದಿತ್ತು. ದಣಿದಿದ್ದ ಪಿಚ್ಚರ್ (ಚೆಂಡು ಎಸೆಯುವವರು) ಪೆಡ್ರೊ ಮಾರ್ಟಿನೆಜ್‌ರನ್ನು ಮ್ಯಾನೇಜರ್ ಬದಲಿಸಲಿಲ್ಲ. ಸ್ಕೋರು ಸಮ ಆಯಿತು. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಒಂದೇ ಏಟಿಗೆ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ) ಹೊಡೆದು ಮುಗಿಸಿದರು. ಮಾರನೇ ದಿನ ಆಫೀಸಿನಲ್ಲಿ ಯಾರೂ ಮಾತಾಡಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಅದುವರೆಗೆ ಕೆಲಸ ಬಿಟ್ಟು ಬೇರೆ ಮಾತೇ ಆಡದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಎದುರು ಬಂದು ಕೂತರು. ನಾಲ್ಕು ಸಕ್ಕರೆ ಪೊಟ್ಟಣ ತೆಗೆದು ಮೇಜಿನ ಮೇಲೆ ಚೌಕವಾಗಿ ಇಟ್ಟರು. ಅವೇ ಬೇಸ್‌ಗಳು, ರನ್ ಗಳಿಸಲು ಓಡಿ ಸುತ್ತಬೇಕಾದ ನಾಲ್ಕು ಮೂಲೆ. ‘ನಿನ್ನೆಯದು ಏನೂ ಅಲ್ಲ, 1986 ಗೊತ್ತಾ?’ ಅಂದರು.

1986ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ, ನ್ಯೂಯಾರ್ಕಿನ ಶೇ ಸ್ಟೇಡಿಯಂ, ಎದುರಾಳಿ ಮೆಟ್ಸ್. ಆ ಪಂದ್ಯ ಗೆದ್ದರೆ ಕಪ್ ಬಾಸ್ಟನ್ನಿಗೆ. ಹತ್ತನೇ ಇನ್ನಿಂಗ್ಸ್‌ನಲ್ಲಿ 5-3 ಮುನ್ನಡೆ. ಮೆಟ್ಸ್‌ನ ಇಬ್ಬರು ಔಟ್, ಬೇಸ್ ಮೇಲೆ ಒಬ್ಬರೂ ಇಲ್ಲ. ಇನ್ನೊಂದು ಔಟ್ ಸಾಕು. ಆಗ ಸಾಲಾಗಿ ಮೂರು ಹಿಟ್. ಆಮೇಲೆ ಪಿಚ್ಚರ್ ಎಸೆದ ಚೆಂಡು ಕ್ಯಾಚರ್ ಕೈಗೂ ಸಿಗದೆ ಹಿಂದೆ ಹೋಗಿ ಸ್ಕೋರು ಸಮ. ಕೊನೆಗೆ ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದ ಮೇಲೆ ಉರುಳುತ್ತಾ ಬಂದು ಮೊದಲ ಬೇಸ್ ಕಾಯುತ್ತಿದ್ದ ರೆಡ್ ಸಾಕ್ಸ್‌ನ ಬಿಲ್ ಬಕ್ನರ್ ಅವರ ಎರಡು ಕಾಲಿನ ನಡುವೆ ನುಸುಳಿ ಹೋಯಿತು, ಪಂದ್ಯವೂ ಹೋಯಿತು. ನನ್ನ ಸಹೋದ್ಯೋಗಿ ಬೆರಳಿನಿಂದ ಒಂದು ಬ್ರೆಡ್ ಚೂರನ್ನು ಮೊದಲನೇ ಪೊಟ್ಟಣದ ಪಕ್ಕದಿಂದ ನಿಧಾನಕ್ಕೆ ಆಚೆ ತಳ್ಳಿದರು. ಅವರ ಅಪ್ಪ ಆಗ ಪಕ್ಕದಲ್ಲೇ ಕೂತು ನೋಡುತ್ತಿದ್ದರಂತೆ, ಏನೂ ಹೇಳದೆ ಎದ್ದು ಹೋಗಿ ಮಲಗಿದರಂತೆ.

ಈ ಭಾಗವನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಚೆಂಡು ಬಕ್ನರ್ ಕಾಲ ಕೆಳಗೆ ಹೋಗುವ ಹೊತ್ತಿಗೆ ಮುನ್ನಡೆ ಆಗಲೇ ಕೈಬಿಟ್ಟಿತ್ತು. ಏಳನೇ ಪಂದ್ಯ ಇನ್ನೂ ಬಾಕಿ ಇತ್ತು, ಅದರಲ್ಲೂ 3-0 ಮುಂದಿದ್ದು ತಂಡ ಸೋತಿತು. ಆದರೂ ಬೈಗುಳವೆಲ್ಲ ಒಬ್ಬರ ಮೇಲೆ ಬಿತ್ತು. ಇಡೀ ಆಟದ ಬದುಕಿನಲ್ಲಿ 2,700ಕ್ಕೂ ಹೆಚ್ಚು ಹಿಟ್ ಹೊಡೆದ ಆಟಗಾರ, ಪಾದದ ಕೀಲು ನೋಯುತ್ತಿದ್ದರೂ ಆಡುತ್ತಿದ್ದವರು. 2008ರ ಏಪ್ರಿಲ್‌ನಲ್ಲಿ ತಂಡದ ಸ್ವಂತ ಮೈದಾನ ಫೆನ್‌ವೇ ಪಾರ್ಕ್‌ನಲ್ಲಿ ಗೌರವದ ಮೊದಲ ಚೆಂಡು ಎಸೆಯಲು ಅವರನ್ನೇ ಕರೆದರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು, ಅವರು ಕಣ್ಣೊರೆಸಿಕೊಂಡರು. ಶಾಲೆಯ ತಂಡದಲ್ಲಿ ಕ್ಯಾಚ್ ಬಿಟ್ಟು ಅಳುತ್ತಾ ಬರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಕಥೆ ನನಗಂತೂ ಗೊತ್ತಿಲ್ಲ.

ಇದೆಲ್ಲ ಕೇಳಿದ ಮೇಲೆ 2004 ಹೇಳಿ. ಆಗ ಅದರ ರುಚಿಯೇ ಬೇರೆ. ವರ್ಲ್ಡ್ ಸೀರೀಸ್‌ಗೆ ಮೊದಲಿನ ಅದೇ ಸರಣಿ, ಮತ್ತೆ ಯಾಂಕೀಸ್. ಮೊದಲ ಮೂರೂ ಪಂದ್ಯ ಸೋಲು, ಮೂರನೆಯದಂತೂ ಸ್ವಂತ ಮೈದಾನದಲ್ಲಿ 19-8. ಅಲ್ಲಿಂದ ಮೇಲೆದ್ದು ಏಳು ಪಂದ್ಯಗಳ ಸರಣಿ ಗೆದ್ದ ತಂಡ ಅದುವರೆಗೆ ಬೇಸ್‌ಬಾಲ್‌ನಲ್ಲಿ ಒಂದೂ ಇರಲಿಲ್ಲ. ನಾಲ್ಕನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಂದು ರನ್ ಹಿಂದೆ. ಬೇರೆಯವರ ಬದಲು ಓಡಲು ಡೇವ್ ರಾಬರ್ಟ್ಸ್ ಬಂದರು. ಎರಡನೇ ಬೇಸ್ ಕದಿಯೋಕೇ, ಅಂದರೆ ಹಿಟ್ ಇಲ್ಲದೆ ಓಡಿ ಮುಟ್ಟೋಕೇ ಬಂದಿದ್ದಾರೆ ಅಂತ ನೋಡುತ್ತಿದ್ದವರಿಗೆಲ್ಲ ಗೊತ್ತಿತ್ತು. ಯಾಂಕೀಸ್ ಪಿಚ್ಚರ್ ಮರಿಯಾನೊ ರಿವೇರಾ ಮೂರು ಸಲ ಮೊದಲ ಬೇಸ್‌ಗೆ ಎಸೆದು ಅವರನ್ನು ತಡೆದು ನೋಡಿದರು. ಆದರೂ ಓಡಿದರು, ಕೂದಲೆಳೆಯಲ್ಲಿ ಮುಟ್ಟಿದರು. ಮುಂದಿನ ಹಿಟ್‌ಗೆ ಸ್ಕೋರು ಸಮ. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಓರ್ಟಿಜ್ ಹೋಮ್ ರನ್. ಆಮೇಲೆ ಸೋಲೇ ಇಲ್ಲ. ಅಕ್ಟೋಬರ್ 27ರಂದು, ಚಂದ್ರಗ್ರಹಣದ ರಾತ್ರಿ, ಸೇಂಟ್ ಲೂಯಿಸ್‌ನಲ್ಲಿ ವರ್ಲ್ಡ್ ಸೀರೀಸ್ ಕಪ್ ಸಿಕ್ಕಿತು.

ಆ ವಾರ ಎಷ್ಟೋ ಜನ ರೆಡ್ ಸಾಕ್ಸ್ ಬಾವುಟ, ಅವತ್ತಿನ ಪೇಪರ್ ಹಿಡಿದುಕೊಂಡು ಅಪ್ಪನ, ಅಜ್ಜನ ಸಮಾಧಿಗೆ ಹೋಗಿ ಇಟ್ಟು ಬಂದರು. ಸಕ್ಕರೆ ಪೊಟ್ಟಣದವರೂ ಹೋಗಿದ್ದರು.

ಇನ್ನೊಂದು ವಿಷಯ. ರಾಬರ್ಟ್ಸ್ ಹುಟ್ಟಿದ್ದು ಜಪಾನಿನ ಓಕಿನಾವಾದಲ್ಲಿ, ತಾಯಿ ಜಪಾನಿನವರು. ಓರ್ಟಿಜ್ ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದವರು, ಇಲ್ಲಿನ ಪೌರರಾದದ್ದು 2008ರಲ್ಲಿ. ‘ಇದು ನಮ್ಮ ತಂಡ ಹೌದೋ ಅಲ್ಲವೋ’ ಅಂತ ನಿಮ್ಮ ಮಕ್ಕಳಿಗೆ ಯಾವತ್ತಾದರೂ ಅನುಮಾನ ಬಂದರೆ ಇದನ್ನು ಹೇಳಿ.

ನಮ್ಮ ಆರ್‌ಸಿಬಿ ಕಥೆಯನ್ನೂ ಜೊತೆಗೇ ಹೇಳಿ, ಅಲ್ವಾ! 2009, 2011, 2016ರ ಫೈನಲ್ ಸೋಲು. 2016ರದ್ದು ಚಿನ್ನಸ್ವಾಮಿಯಲ್ಲೇ, ಬರೀ 8 ರನ್‌ನಿಂದ. ವರ್ಷವರ್ಷ ‘ಈ ಸಲ ಕಪ್ ನಮ್ದೇ’ ಅಂದು ಆಡಿಸಿಕೊಂಡದ್ದು. 2025ರ ಜೂನ್ 3, ಮಂಗಳವಾರ, ಇಲ್ಲಿ ಹಾಡಹಗಲು. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಅತ್ತವರು ಈ ಗುಂಪಿನಲ್ಲಿ ಇದ್ದೀರಿ ಅಂತ ನನಗೆ ಗೊತ್ತು. ನಮ್ಮ ಮಗಳು ಅವತ್ತು ಸ್ಕೂಲಿನಿಂದ ಬಂದು ನನ್ನ ಮುಖ ನೋಡಿ, ‘ಇದು ನಿಮ್ಮ 2004 ಅಲ್ವಾ?’ ಅಂದಳು. ಹೌದು ಅಂದೆ. ಸೋತ ವರ್ಷಗಳನ್ನೆಲ್ಲ ಹೇಳಿದ್ದರಿಂದ ಅವಳಿಗೆ ಅದು ಅರ್ಥವಾಯಿತು.

ಮಾರನೇ ದಿನ ಚಿನ್ನಸ್ವಾಮಿ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. 2004ರಲ್ಲಿ ಯಾಂಕೀಸ್ ಮೇಲೆ ಗೆದ್ದ ರಾತ್ರಿಯೂ ಫೆನ್‌ವೇ ಹೊರಗೆ ಪೊಲೀಸರು ಜನ ಚದುರಿಸುವಾಗ 21 ವರ್ಷದ ಕಾಲೇಜು ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಇದನ್ನೂ ಮಕ್ಕಳಿಗೆ ಮುಚ್ಚಿಡಬೇಡಿ. ಗೆದ್ದ ರಾತ್ರಿ ಬೀದಿಗೆ ಹೋಗುತ್ತೇವೆ ಅಂತ ಹದಿನಾರು ವರ್ಷದವರು ಹಠ ಮಾಡಿದರೆ ಬೇಡ ಅಂತ ಗಟ್ಟಿಯಾಗಿ ಹೇಳಿ.

ಫೆನ್‌ವೇ ಟಿಕೆಟ್ ನಾಲ್ಕು ಜನರ ಸಂಸಾರಕ್ಕೆ ದುಬಾರಿ. ಶ್ರೂಸ್‌ಬರಿ, ವೆಸ್ಟ್‌ಬರೋ ಕಡೆಯವರು ಮೊದಲು ವುಸ್ಟರ್‌ನ ಪೋಲಾರ್ ಪಾರ್ಕ್‌ಗೆ ಹೋಗಿ ನೋಡಿ. ರೆಡ್ ಸಾಕ್ಸ್‌ಗೆ ಆಟಗಾರರನ್ನು ತಯಾರು ಮಾಡುವ ವೂಸಾಕ್ಸ್ ತಂಡ 2021ರಿಂದ ಅಲ್ಲಿ ಆಡುತ್ತಿದೆ. ಪಕ್ಕದ ಸೀಟಿನಲ್ಲಿ ವಯಸ್ಸಾದವರು ಯಾರಾದರೂ ಕೂತಿದ್ದರೆ ಸುಮ್ನೆ 1986 ಅಂತ ಕೇಳಿ. ಮಗನನ್ನು ನಡುವೆ ಕೂರಿಸಿ.

ಎಂಬತ್ತರ ದಶಕದಲ್ಲೇ ಇಲ್ಲಿಗೆ ಬಂದು ಮಕ್ಕಳನ್ನು ಬೆಳೆಸಿದ ಹಿರಿಯರು ಗುಂಪಿನಲ್ಲಿದ್ದೀರಿ. ಬಕ್ನರ್ ಚೆಂಡು ಬಿಟ್ಟ ರಾತ್ರಿ ನಿಮ್ಮ ಮನೆಯಲ್ಲಿ ಟಿವಿ ಹಾಕಿತ್ತಾ? ನೆನಪಿದ್ದರೆ ಕೆಳಗೆ ಬರೆಯಿರಿ. ಆ ಟೋಪಿ ಹುಡುಗನಿಗೆ ಅವನ ಅಪ್ಪ ಅಮ್ಮ ಓದಿ ಹೇಳಲಿ.