ಕಿತ್ತು ಹಾಕಿದ ಕಡಲೆ ಗಾಳಿಗೆ ಹಾರದಂತೆ ಕಾಯುವುದು ಹೇಗೆ?

ಪ್ರಶ್ನೆ (ರೋಣ ತಾಲೂಕಿನಿಂದ)

ನಮಸ್ಕಾರ. ನಮ್ಮದು ಎರೆ (ಕಪ್ಪು ಮಣ್ಣಿನ) ಹೊಲ. ಹಿಂಗಾರಿಗೆ ಜೆಜಿ-11 ತಳಿಯ ಕಡಲೆ ಬಿತ್ತುತ್ತೇವೆ. ಗಿಡ ಕಿತ್ತ ಮೇಲೆ, ಕಾಳು ಬಿಡಿಸುವ ರಾಶಿ ಮಷೀನು ಬರುವವರೆಗೆ ಸಣ್ಣ ಸಣ್ಣ ಗುಂಪಿ ಹಾಕಿ ಹೊಲದಲ್ಲಿಯೇ ಒಣಗಲು ಬಿಡುವುದು ಇಲ್ಲಿನ ವಾಡಿಕೆ. ಊರಿನವರೆಲ್ಲರಿಗೂ ಮಷೀನು ಒಂದೇ ಹೊತ್ತಿಗೆ ಬೇಕಾಗುವುದರಿಂದ ನಮ್ಮ ಪಾಳಿ ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಗಿಡ ಒಣಗಿ ಹಗುರಾಗಿ, ಮಧ್ಯಾಹ್ನದ ಗಾಳಿಗೆ ಗುಂಪಿಗಳು ಉರುಳುತ್ತ ಬದುವಿನವರೆಗೆ ಹೋಗಿ ಬೀಳುತ್ತವೆ. ಉರುಳಿದ ದಾರಿಯುದ್ದಕ್ಕೂ ಕಾಯಿ ಉದುರಿ, ಕಾಳು ಎರೆಯ ಬಿರುಕುಗಳಲ್ಲಿ ಸೇರುತ್ತದೆ. ತಾಡಪತ್ರಿ ಹೊದಿಸಿದರೆ ಅದೂ ಗಾಳಿಗೆ ಉಬ್ಬಿ ಮೇಲಿನ ಗಿಡಗಳನ್ನು ಎಳೆದುಕೊಂಡೇ ಹಾರುತ್ತದೆ. ಬಲ್ಲವರು ಉಪಾಯ ತಿಳಿಸಬೇಕೆಂದು ವಿನಂತಿ.

ಉತ್ತರ (ಅಣ್ಣಿಗೇರಿಯಿಂದ)

ಹೊದಿಕೆಯ ಮಾತು ಆಮೇಲೆ. ಮೊದಲು ಗುಂಪಿ ಒಟ್ಟುವ ಕ್ರಮವನ್ನು ನೋಡಬೇಕು. ಕೂಲಿಯಾಳುಗಳು ಕಿತ್ತ ಗಿಡವನ್ನು ಹೇಗೆ ಬಂತೋ ಹಾಗೆ ಒಗೆಯುತ್ತ ಹೋದರೆ ಗುಂಪಿಯ ಒಳಗೆಲ್ಲ ಸಂದು ಉಳಿಯುತ್ತದೆ, ಗಾಳಿ ಆ ಸಂದಿನಲ್ಲಿ ನುಗ್ಗಿ ಕೆಳಗಿನಿಂದ ಎತ್ತುತ್ತದೆ. ಬದಲಾಗಿ ಗಾಳಿ ಬರುವ ದಿಕ್ಕಿಗೆ ಬೇರು, ಒಳಗೆ ತುದಿ ಬರುವಂತೆ ಒಂದರ ಮೇಲೊಂದು ಹೊಂದಿಸಿ, ಪ್ರತಿ ಪದರವನ್ನೂ ಅಂಗೈಯಿಂದ ಅದುಮಿದರೆ ಟೊಂಗೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ. ಜನವರಿ, ಫೆಬ್ರುವರಿಯಲ್ಲಿ ನಮ್ಮ ಕಡೆ ಹೆಚ್ಚಾಗಿ ಮೂಡಲ ಗಾಳಿಯೇ ಇರುತ್ತದೆ. ಆದರೂ ನಿಮ್ಮ ಹೊಲದಲ್ಲಿ ಒಂದು ಹಿಡಿ ಹೊಟ್ಟು ತೂರಿ ನೋಡಿ ದಿಕ್ಕು ಗೊತ್ತು ಮಾಡಿಕೊಳ್ಳಿರಿ.

ಈ ಕೆಲಸವನ್ನು ಇಬ್ಬನಿ ಆರುವ ಮೊದಲೇ ಮುಗಿಸಬೇಕು. ನಸುಕಿನಲ್ಲಿ ಕಾಯಿ ಮೆತ್ತಗಿರುವುದರಿಂದ ಉದುರುವುದಿಲ್ಲ, ಟೊಂಗೆ ಮುರಿಯದೆ ಬಾಗುತ್ತದೆ. ಕಡಲೆ ಗಿಡದ ಮೇಲಿನ ಹುಳಿ ಕೈಗೆ ಹತ್ತಿ ಉರಿಯುವುದು ನಿಜ, ಅದಕ್ಕೆ ಕೈಗೆ ಬಟ್ಟೆ ಸುತ್ತಿಕೊಳ್ಳುವುದೇ ದಾರಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಬೆಳಗಿನ ಗಾಳಿಗೆ ಅಲುಗದ ಗುಂಪಿ ಮಧ್ಯಾಹ್ನಕ್ಕೆ ಏಳುವುದರಲ್ಲಿ ಆಶ್ಚರ್ಯವಿಲ್ಲ. ಗಿಡ ಒಂದೆರಡು ದಿನ ಬಾಡಿದ ಮೇಲೆ ನಾಲ್ಕೈದು ಸಣ್ಣ ಗುಂಪಿಗಳನ್ನು ಕೂಡಿಸಿ ಅಗಲವಾಗಿ, ತಗ್ಗಾಗಿ ಒಂದು ಮಾಡಿರಿ. ಹಸಿ ಇರುವಾಗಲೇ ದೊಡ್ಡದಾಗಿ ಒಟ್ಟಿದರೆ ಒಳಗೆ ಕಾವು ಹಿಡಿದು ಬೂಷ್ಟು ಬರುತ್ತದೆ. ಮೇಲೆ ಹೇರಲು ಜಾಲಿ ಕಂಟಿಯಷ್ಟು ಒಳ್ಳೆಯದು ಇನ್ನೊಂದಿಲ್ಲ: ಮುಳ್ಳು ಗಿಡವನ್ನು ಕಚ್ಚಿ ಹಿಡಿಯುತ್ತದೆ, ಗಾಳಿಯೂ ಆಡುತ್ತದೆ, ದನವೂ ಬಾಯಿ ಹಾಕುವುದಿಲ್ಲ. ಮಷೀನಿಗೆ ಹಾಕುವ ಮೊದಲು ಮರೆಯದೆ ಅದನ್ನು ತೆಗೆಯಬೇಕು, ಅಷ್ಟೆ. ತಾಡಪತ್ರಿ ಮಳೆಯ ಮೋಡ ಕಂಡಾಗ ಮಾತ್ರ ಸಾಕು, ಅದಕ್ಕೂ ಅಂಚಿನುದ್ದಕ್ಕೂ ಮಣ್ಣು ತುಂಬಿದ ಚೀಲಗಳನ್ನು ಇಡಬೇಕು.

ಉತ್ತರ (ಕುಂದಗೋಳದಿಂದ)

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕೀಳುವುದನ್ನೇ ಬಿಟ್ಟು ಕುಡಗೋಲಿನಿಂದ ಕೊಯ್ಯುವುದು ಉತ್ತಮವೆಂದು ನನ್ನ ಅಭಿಪ್ರಾಯ. ಕೊಯ್ದ ಗಿಡ ಕೂಳೆಯ ಮೇಲೆ ಕೂರುತ್ತದೆ, ಕೂಳೆ ಅದನ್ನು ಉರುಳಗೊಡುವುದಿಲ್ಲ. ಸಾರಜನಕ ಹಿಡಿದಿಡುವ ಬೇರಿನ ಗಂಟುಗಳು ಹೊಲದಲ್ಲಿಯೇ ಉಳಿಯುತ್ತವೆ, ಕಾಳಿನಲ್ಲಿ ಮಣ್ಣಿನ ಹೆಂಟೆಯೂ ಸೇರುವುದಿಲ್ಲ. ಇನ್ನೊಂದು ಮಾತು: ಕಡಲೆಯಲ್ಲಿ ಕುಸುಬೆಯ ಅಕ್ಕಡಿ ಸಾಲು (ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಹಾಕುತ್ತಿದ್ದುದನ್ನು ನಾವೆಲ್ಲ ಬಿಟ್ಟಿದ್ದೇವೆ. ಕುಸುಬೆ ಕಡಲೆಗಿಂತ ತಡವಾಗಿ ಮಾಗುವುದರಿಂದ, ಕಡಲೆ ನೆಲದ ಮೇಲಿರುವಾಗ ಅದು ನಿಂತಿರುತ್ತದೆ, ಗಾಳಿಯನ್ನು ಸೋಸಿ ಬಿಡುತ್ತದೆ. ಇಂಥ ತಡೆಯ ಪ್ರಯೋಜನ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಮಾತ್ರ ಚೆನ್ನಾಗಿ ಸಿಗುತ್ತದೆ. ಹಾಗಾಗಿ ಬದುವಿಗಷ್ಟೇ ಬಿತ್ತಿದರೆ ನಡುಹೊಲಕ್ಕೆ ಆಸರೆ ಸಿಗದು, ನಡುನಡುವೆ ಸಾಲು ಬರಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕುಸುಬೆ ಕೊಯ್ಯಲು ಆಳುಗಳು ಮುಳ್ಳಿಗೆ ಹೆದರಿ ಬರುವುದಿಲ್ಲ, ಆ ತೊಂದರೆ ಇದ್ದೇ ಇದೆ. ಕೊಯ್ದು ನೋಡುವುದು ಮತ್ತು ಜಾಲಿ ಕಂಟಿ, ಇವೆರಡೂ ಈ ಸಲವೇ ಆಗುವಂಥವು. ಹೀಗೆ ಹಾರಿ ಹೋದ ಬೆಳೆಗೆ ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಪರಿಹಾರ ಸಿಗುತ್ತದೆಯೇ?

ಉತ್ತರ (ಗದಗಿನಿಂದ)

ಬರೀ ಗಾಳಿಗೆ ಸಿಗುವುದಿಲ್ಲ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನಗಳವರೆಗೆ ರಕ್ಷಣೆ ಇದೆಯಾದರೂ, ಅದು ಆಲಿಕಲ್ಲು, ಚಂಡಮಾರುತ, ಚಂಡಮಾರುತದ ಮಳೆ ಮತ್ತು ಅಕಾಲಿಕ ಮಳೆಯ ಹಾನಿಗೆ ಸಂಬಂಧಿಸಿದ್ದು. ಗಾಳಿಯೊಂದಿಗೆ ಇವುಗಳಲ್ಲಿ ಯಾವುದಾದರೂ ಬಂದು ಬೆಳೆ ಕೆಟ್ಟರೆ 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಇಲ್ಲವೇ ಕೃಷಿ ಇಲಾಖೆಗೆ ತಿಳಿಸಬೇಕು. ಕೊಯ್ದ ದಿನಾಂಕವನ್ನು ಬರೆದಿಟ್ಟುಕೊಂಡು, ಗುಂಪಿಗಳ ಫೋಟೋ ತೆಗೆದಿಟ್ಟಿದ್ದರೆ ಸಮೀಕ್ಷೆಗೆ ಬಂದವರ ಮುಂದೆ ಮಾತು ಬೆಳೆಯುವುದಿಲ್ಲ.

ಬೀಜ ಬದಲಿಸುವ ವಿಚಾರವಿದ್ದರೆ ಜಿಬಿಎಂ-2 ತಳಿಯನ್ನೂ ನೋಡಿರಿ. ಅದು ಎತ್ತರವಾಗಿ ನೆಟ್ಟಗೆ ಬೆಳೆಯುವುದರಿಂದ ನಿಂತ ಬೆಳೆಯನ್ನೇ ಕಂಬೈನ್ ಯಂತ್ರದಿಂದ ಕೊಯ್ದು ರಾಶಿ ಮಾಡಬಹುದು, ಗುಂಪಿ ಹಾಕುವ ಪ್ರಸಂಗವೇ ಬರುವುದಿಲ್ಲ. ಜೆಜಿ-11ರ ಕಾಯಿ ನೆಲದ ಹತ್ತಿರ ಇರುವುದರಿಂದ ಅದಕ್ಕೆ ಈ ಯಂತ್ರ ಒಗ್ಗದು.