ಹೇಂಟೆ ಮರಿ ಅಂತ ತರಿಸಿದರೆ ಐದು ಹುಂಜ, ಈಗ ಪಕ್ಕದ ಮನೆಯವರ ಜಗಳ ಬೇರೆ

ಹಿತ್ತಲ ಗೂಡು:

ಪ್ರಶ್ನೆ ಕೊನೆಯಲ್ಲಿದೆ. ಅದಕ್ಕೂ ಮೊದಲು ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಬಂದರೂ ಬೆಳಗಿನ ಜಾವ ಮೂರೂವರೆಗೆ ಹುಂಜ ಎಬ್ಬಿಸುತ್ತದೆ ಬಿಡಿ.

ನಮಗೆ ಬೇಕಿದ್ದದ್ದು ಆರೇ ಆರು ಹೇಂಟೆ. ಮನೆಗೆ ಸಾಕಾಗುವಷ್ಟು ಮೊಟ್ಟೆ, ಅಷ್ಟೇ. ಹ್ಯಾಚರಿಯವರು ಆರು ಮರಿ ಕಳಿಸುವುದಿಲ್ಲ ಅಂದರು. ಮೈಗೆ ಮೈ ಒತ್ತಿಕೊಂಡು ಕೂತರೆ ಮಾತ್ರ ದಾರಿಯಲ್ಲಿ ಬೆಚ್ಚಗಿರುತ್ತವಂತೆ, ಕಡಿಮೆ ಇದ್ದರೆ ಚಳಿಗೆ ಸಾಯುತ್ತವಂತೆ. ಮರಿಗಳ ಒಳ್ಳೆಯದಕ್ಕೇ ಅಲ್ವಾ ಅಂತ ಹದಿನೈದಕ್ಕೆ ಒಪ್ಪಿದೆವು. ಎಲ್ಲವೂ ಹೇಂಟೆ ಆಗಿರಬೇಕು, ಎಲ್ಲವೂ ಕಂದು ಬಣ್ಣದ್ದೇ ಬೇಕು ಅಂತ ಹೇಳಿ, ಅವರು ಹೂಂ ಅಂದ ಮೇಲೇ ದುಡ್ಡು ಹಾಕಿದ್ದು.

ಹೇಳಿದ ದಿನ ಬರಲಿಲ್ಲ. ಕೇಳಿದರೆ "ಈ ಸಲ ಮೊಟ್ಟೆ ಸರಿಯಾಗಿ ಒಡೆಯಲಿಲ್ಲ, ಮುಂದಿನ ಬ್ಯಾಚ್‌ನಲ್ಲಿ ಕಳಿಸುತ್ತೇವೆ" ಅಂದರು. ಮುಂದಿನ ಬ್ಯಾಚ್ ಅಂದರೆ ಮತ್ತೆ 21 ದಿನದ ಕಾವು. ಅಷ್ಟರಲ್ಲಿ ನಮ್ಮ ಮನೆಯವರು ಖಾಲಿ ಗೂಡಿಗೆ ಬಣ್ಣವನ್ನೂ ಹೊಡೆದು ಮುಗಿಸಿದರು. ಕೊನೆಗೂ ಪೆಟ್ಟಿಗೆ ಬಂತು. ತೂತುಗಳಿಂದ ಕೊಕ್ಕು ಹೊರಗೆ ಹಾಕಿಕೊಂಡು ಚಿಂವ್ ಚಿಂವ್ ಅಂತ ಒಂದೇ ಗಲಾಟೆ. ತೆರೆದರೆ ಹದಿನೈದಲ್ಲ, ಹದಿನೇಳು! "ಎರಡು ಮರಿ ಜಾಸ್ತಿ ಹಾಕಿದ್ದೇವೆ, ಉಚಿತ" ಅಂತ ಚೀಟಿ. ಅದರಲ್ಲಿ ಎರಡು ಸತ್ತಿದ್ದವು, ಲೆಕ್ಕ ಸರಿಹೋಯಿತು ಅನ್ನಿ. ಬಣ್ಣ ಮಾತ್ರ ಕಂದೂ ಇದೆ, ಹಳದಿಯೂ ಇದೆ, ಒಂದು ಕರಿಯೂ ಇದೆ.

ಮೊದಲ ವಾರ ಮೂರು ಮರಿಗಳಿಗೆ ಹಿಂಭಾಗದಲ್ಲಿ ಹಿಕ್ಕೆ ಅಂಟಿ ಗಟ್ಟಿಯಾಗಿ ಹಿಕ್ಕೆ ಬರುವ ದಾರಿಯೇ ಮುಚ್ಚಿಹೋಗಿತ್ತು. ಹಾಗೇ ಬಿಟ್ಟರೆ ಸಾಯುತ್ತವೆ ಅಂತ ಎಲ್ಲೋ ಓದಿದ್ದೆ. ಉಗುರು ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಅದು ನೆನೆದು ಮೆತ್ತಗಾಗುವವರೆಗೆ ಒತ್ತಿ ಹಿಡಿದು, ಪುಕ್ಕ ಕಿತ್ತು ಬರದ ಹಾಗೆ ನಿಧಾನಕ್ಕೆ ಬಿಡಿಸಬೇಕು. ಮರಿ ಅಂಗೈಯಲ್ಲಿ ಕಿರುಚುತ್ತಲೇ ಇರುತ್ತದೆ. ಆಮೇಲೆ ಒಣಗಿಸದಿದ್ದರೆ ಚಳಿ ಹಿಡಿಯುತ್ತದೆ. ರಾತ್ರಿ ಕರೆಂಟ್ ಹೋದರಂತೂ ಬಲ್ಬ್ ಇಲ್ಲ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಕಾದದ್ದೂ ಆಯಿತು.

ಇಷ್ಟೆಲ್ಲ ಮಾಡಿ ಬೆಳೆಸಿದ ಮೇಲೆ ನಮ್ಮ "ಹೇಂಟೆ"ಗಳಲ್ಲಿ ಐದಕ್ಕೆ ಜುಟ್ಟು ಕೆಂಪಾಗಿ ಎದ್ದು ನಿಂತಿತು. ಒಂದು ದಿನ ಗಂಟಲು ಕಟ್ಟಿದ ಹಾಗೆ ಏನೋ ಸದ್ದು ಮಾಡಿತು. ಮರುವಾರ ಪೂರ್ತಿ ಕೂಗು. ಹ್ಯಾಚರಿಯವರು ಈಗ ಫೋನೇ ಎತ್ತುವುದಿಲ್ಲ.

ಈಗ ಬಲಗಡೆ ಮನೆಯವರ ವಿಷಯ. ಮೊದಲು ಕೂಗಿನ ದೂರು. ಆಮೇಲೆ ನೊಣ, ಆಮೇಲೆ ವಾಸನೆ. ಒಂದು ಹೇಂಟೆ ಗೋಡೆ ಹಾರಿ ಅವರ ಹೂವಿನ ಪಾತಿ ಕೆದರಿದ್ದಕ್ಕೆ ಫೋಟೋ ತೆಗೆದು ಕಳಿಸಿದ್ದಾರೆ. ಕೆಳಗೆ ಒಂದು ಮಾತೂ ಬರೆದಿಲ್ಲ, ಬರೀ ಫೋಟೋ. ಅದನ್ನು ನೋಡಿದರೆ ಜಾಸ್ತಿ ಸಿಟ್ಟು ಬರುತ್ತದೆ. ಎಡಗಡೆ ಮನೆಯವರು ಮೊಟ್ಟೆ ತಗೊಂಡು ನಗುತ್ತಾ ಹೋಗುತ್ತಾರೆ, ಅವರದ್ದೇನೂ ತಕರಾರಿಲ್ಲ.

ಪ್ರಶ್ನೆಗಳು: ಗೂಡಿಗೆ ಕರಿ ಬಟ್ಟೆ ಹೊದಿಸಿದರೆ ಹುಂಜ ಕೂಗುವುದು ನಿಲ್ಲುತ್ತದಾ? ಹುಂಜ ಎಲ್ಲಾ ಕಳಿಸಿಬಿಟ್ಟರೆ ಹೇಂಟೆ ಮೊಟ್ಟೆ ಇಡುವುದಿಲ್ಲ ಅಂತ ನಮ್ಮತ್ತೆ ಹೇಳುತ್ತಾರೆ, ನಿಜವಾ? ಬಲಗಡೆ ಮನೆಯವರ ಹತ್ತಿರ ಹೇಗೆ ಮಾತಾಡುವುದು?


ಹಳೇ ಬುಟ್ಟಿ:

ಮೇಡಂ, ಸುಲಭದ್ದು ಮೊದಲು. ಮೊಟ್ಟೆ ಇಡಲು ಹುಂಜ ಬೇಡ. ಮರಿ ಆಗಲು ಮಾತ್ರ ಬೇಕು. ನಿಮ್ಮತ್ತೆಗೆ ಬಾಯಲ್ಲಿ ಹೇಳಿ ಗೆಲ್ಲುವುದು ಕಷ್ಟ, ಹುಂಜ ಹೋದ ಮೇಲೆ ಗೂಡಿಂದ ಮೊಟ್ಟೆ ತಂದು ಕೈಗೆ ಕೊಡಿ.

ಆ ಎರಡು "ಉಚಿತ" ಮರಿಗಳ ಬಗ್ಗೆ ಹೇಳಬೇಕು. ಪೆಟ್ಟಿಗೆ ಬೆಚ್ಚಗಿರಲಿ ಅಂತ ಜಾಸ್ತಿ ಹಾಕುವ ಮರಿಗಳು ಸಾಮಾನ್ಯವಾಗಿ ಹುಂಜಗಳೇ. ಮೊಟ್ಟೆ ತಳಿಯ ಹುಂಜದ ಮರಿಯನ್ನು ಯಾರೂ ಕೊಳ್ಳುವುದಿಲ್ಲ ನೋಡಿ. ಇನ್ನುಳಿದವು ಮರಿ ಬೇರ್ಪಡಿಸುವಾಗಲೇ ತಪ್ಪಿರುತ್ತವೆ. ಒಂದು ದಿನದ ಮರಿಯ ಹಿಂಭಾಗ ಬಿಡಿಸಿ ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆ ಜಪಾನಿನಲ್ಲಿ 1920ರ ದಶಕದಲ್ಲಿ ಬೆಳೆದದ್ದು. ಕಾಣುವುದು ಒಂದು ಸಣ್ಣ ಗುಬುಟು, ಅಷ್ಟೇ. ಪಳಗಿದವರೂ ಕೆಲವನ್ನು ತಪ್ಪುತ್ತಾರೆ. ಪಳಗದವರ ಕೈಗೆ ಸಿಕ್ಕರೆ ನಾಣ್ಯ ಚಿಮ್ಮಿದಂತೆಯೇ.

ಮುಂದಿನ ಸಲ ಬಣ್ಣದಲ್ಲೇ ಗೊತ್ತಾಗುವ ಕ್ರಾಸ್ ಕೇಳಿ. ಕೆಂಪು ಹುಂಜಕ್ಕೂ ಬೆಳ್ಳಿ ಬಣ್ಣದ ಹೇಂಟೆಗೂ ಹುಟ್ಟಿದ ಮರಿಗಳಲ್ಲಿ ಹೆಣ್ಣು ಕಂದು, ಗಂಡು ತಿಳಿ ಹಳದಿ. ಹುಟ್ಟಿದ ದಿನವೇ ಕಣ್ಣಿಗೆ ಕಾಣುತ್ತದೆ. ಆದರೆ ಅದೇ ಮರಿಗಳನ್ನು ಬೆಳೆಸಿ ಮುಂದಿನ ಪೀಳಿಗೆ ಮಾಡಿದರೆ ಆ ಗುರುತು ಉಳಿಯುವುದಿಲ್ಲ. ನೀವು ಕಂದು ಕೇಳಿದ್ದು ಸರಿ. ಹಳದಿ ಬಂದ ದಿನವೇ ಹ್ಯಾಚರಿಯವರಿಗೆ ನಾಲ್ಕು ಮಾತು ಅನ್ನಬಹುದಿತ್ತು. ಇನ್ನೂ ತಲೆನೋವು ಬೇಡ ಅಂದರೆ ಮರಿ ತರಿಸಲೇಬೇಡಿ, ಮೊಟ್ಟೆಗೆ ಬರುವ ಹೊತ್ತಿನ ಯಾಟೆ, ಅಂದರೆ ಎಳೆ ಹೇಂಟೆ ತನ್ನಿ. ದುಡ್ಡು ಜಾಸ್ತಿ. ನಿದ್ದೆ ಇರುತ್ತದೆ.

ಕರಿ ಬಟ್ಟೆ ವಿಷಯ. ಹುಂಜ ಬೆಳಕು ನೋಡಿ ಕೂಗುತ್ತದೆ ಅಂದುಕೊಂಡಿದ್ದೇವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದು ಬೇರೆ. ದಿನವಿಡೀ ಒಂದೇ ಸಮ ಮಬ್ಬು ಬೆಳಕಲ್ಲಿಟ್ಟರೂ ಹುಂಜಗಳು ಹೆಚ್ಚುಕಡಿಮೆ ಒಂದು ದಿನದ ಲೆಕ್ಕದಲ್ಲೇ ಕೂಗುತ್ತಿದ್ದವು. ಗಡಿಯಾರ ಮೈಯೊಳಗೇ ಇದೆ. ಬೆಳಕು ಬರುವುದಕ್ಕೆ ಸುಮಾರು ಎರಡು ಗಂಟೆ ಮುಂಚೆಯೇ ಶುರು. ಬಟ್ಟೆ ಹೊದಿಸಿದರೆ ಬೀದಿದೀಪಕ್ಕೆ, ಕಾರಿನ ಬೆಳಕಿಗೆ ಕೂಗುವುದು ಕಡಿಮೆಯಾಗಬಹುದು, ಜಾವದ ಕೂಗು ನಿಲ್ಲುವುದಿಲ್ಲ. ಹೊದಿಸುವುದೇ ಆದರೆ ಗಾಳಿಗೆ ಜಾಗ ಬಿಡಿ.

ಇನ್ನೊಂದು. ಅದೇ ತಂಡದವರು 2015ರಲ್ಲಿ ಕಂಡದ್ದು: ಗುಂಪಿನ ಯಜಮಾನ ಹುಂಜ ಮೊದಲು ಕೂಗುತ್ತದೆ, ಉಳಿದವು ಅವುಗಳ ಸ್ಥಾನದ ಪ್ರಕಾರ ಒಂದಾದ ಮೇಲೊಂದು. ಯಜಮಾನನನ್ನು ತೆಗೆದರೆ ಎರಡನೆಯದು ಶುರು ಮಾಡುತ್ತದೆ. ಹಾಗಾಗಿ "ಜೋರಾಗಿ ಕೂಗುವುದನ್ನು ಮಾತ್ರ ಕಳಿಸೋಣ" ಅಂತ ಹೋಗಬೇಡಿ. ಐದನ್ನೂ ಕಳಿಸಿ.


ಮಹಡಿ ಮನೆ:

ಕೂಗದ ಹಾಗೆ ಕುತ್ತಿಗೆಗೆ ಕಟ್ಟುವ ಪಟ್ಟಿ ಸಿಗುತ್ತದಲ್ಲ? ನಮ್ಮ ಪರಿಚಯದವರು ಆನ್‌ಲೈನ್‌ನಲ್ಲಿ ತರಿಸಿದ್ದರು. ಹುಂಜ ಸಾಕುವ ಆಸೆಯೂ ಉಳಿಯಿತು, ಸದ್ದೂ ತಗ್ಗಿತು.


ಹಳೇ ಬುಟ್ಟಿ:

ಸಿಗುತ್ತದೆ, ಆದರೆ ನಾನು ಯಾರಿಗೂ ಹೇಳುವುದಿಲ್ಲ. ಬೆಳಗ್ಗೆ ಸಡಿಲವಾಗಿದ್ದದ್ದು ಕಾಳು ತಿಂದು ಕುತ್ತಿಗೆ ಬುಡದ ಚೀಲ ಉಬ್ಬಿದ ಮೇಲೆ ಬಿಗಿಯಾಗುತ್ತದೆ. ಕೊಕ್ಕು ಅದರೊಳಗೆ ಸಿಕ್ಕಿಕೊಂಡು ಒದ್ದಾಡುವುದೂ ಇದೆ. ಉಸಿರು ಕಟ್ಟಿ ಸತ್ತರೆ ನೋಡುವವರು ಯಾರು? ದಿನಕ್ಕೆ ಹತ್ತು ಸಲ ಹೋಗಿ ನೋಡುವಷ್ಟು ಬಿಡುವಿದ್ದರೆ ಬೇರೆ ಮಾತು.


ಗೋಡೆ ಆಚೆಯವ:

ನಾನು ಕೋಳಿ ಸಾಕುವವನಲ್ಲ. ಕೋಳಿ ಸಾಕುವವರ ಪಕ್ಕದಲ್ಲಿ ಇರುವವನು. ಇಲ್ಲಿಗೆ ಬಂದದ್ದೇ ಅವರನ್ನು ಹೇಗೆ ನಿಲ್ಲಿಸುವುದು ಅಂತ ಹುಡುಕಿಕೊಂಡು, ಈಗ ದಿನಾ ಓದುತ್ತೇನೆ.

ನಿಮ್ಮ ಬಲಗಡೆ ಮನೆಯವರ ಪರವಾಗಿ ಒಂದೆರಡು ಮಾತು. ಹೇಂಟೆ ಮೊಟ್ಟೆ ಇಟ್ಟು ಕೊಕ್ಕೊಕ್ಕೋ ಅನ್ನುವುದು ನಾವು ಮಾತಾಡುವಷ್ಟೇ ಸದ್ದು, ಅದಕ್ಕೆ ಯಾರೂ ಜಗಳ ಆಡುವುದಿಲ್ಲ. ಹುಂಜದ ಕೂಗಿಗೂ ನಾನು ಒಗ್ಗಿಹೋದೆ, ಕಿಟಕಿ ಮುಚ್ಚಿದರಾಯಿತು. ಒಗ್ಗಲಾಗದ್ದು ನೊಣ. ತಟ್ಟೆ ಮುಂದೆ ಕೂತರೆ ಅನ್ನಕ್ಕಿಂತ ಮೊದಲು ನೊಣ ಬರುತ್ತದೆ. ಮಳೆ ಬಂದ ಮರುದಿನ ಬಟ್ಟೆ ಒಣಗಿಸಲು ಹೊರಗೆ ಹೋದರೆ ಮೂಗು ಉರಿಯುತ್ತದೆ. ಇದನ್ನು ಹೋಗಿ ಹೇಗೆ ಹೇಳುವುದು? "ನಿಮ್ಮ ಮನೆ ನಾರುತ್ತದೆ" ಅಂದ ಹಾಗಾಗುತ್ತದೆ. ಕೂಗಿನ ದೂರು ಹೇಳಲು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮೊದಲು ಹೇಳುವುದು. ಫೋಟೋ ಕಳಿಸುವವನೂ ಮಾತು ಹೊರಡದೆ ಕಳಿಸಿರುತ್ತಾನೆ. ನಾನೂ ಕಳಿಸಿದ್ದೇನೆ.

ನಿಮ್ಮ ಗೂಡು ಯಾವ ಗೋಡೆ ಪಕ್ಕ ಇದೆ?


ಹಿತ್ತಲ ಗೂಡು:

ಬಲಗಡೆ ಗೋಡೆ ಪಕ್ಕ. ನೀರಿನ ಪಾತ್ರೆಯೂ ಅಲ್ಲೇ, ಗುಡಿಸಿದ ಹಿಕ್ಕೆ ಹಾಕುವ ಗುಂಡಿಯೂ ಅಲ್ಲೇ. ನಮ್ಮ ಹಿತ್ತಲಲ್ಲಿ ನೆರಳು ಇರುವುದೇ ಆ ಒಂದು ಮೂಲೆಯಲ್ಲಿ ಸರ್, ಬಿಸಿಲಲ್ಲಿ ಕೋಳಿ ಸಾಯಲಿ ಅನ್ನೋಕೆ ಆಗುತ್ತಾ?

ಆದರೂ ನೀವು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ತಟ್ಟೆಯ ನೊಣದ ಮಾತಿಗೆ ಅವರು ಸುಮ್ಮನಾದರು.


ಹಳೇ ಬುಟ್ಟಿ:

ಗೂಡು ಅಲ್ಲೇ ಇರಲಿ. ಗುಂಡಿಯನ್ನೂ ನೀರನ್ನೂ ತೆಗೆಯಿರಿ. ಎಲ್ಲ ರಗಳೆಯೂ ಒದ್ದೆಯಿಂದಲೇ ಶುರು ಆಗುವುದು. ಒಣಗಿದ ಹಿಕ್ಕೆ ಅಷ್ಟಾಗಿ ನಾರುವುದಿಲ್ಲ, ಅದರಲ್ಲಿ ನೊಣವೂ ಮರಿ ಮಾಡುವುದಿಲ್ಲ. ಒದ್ದೆಯಾದ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಮೂಗು ಉರಿಯುವುದು ಅದಕ್ಕೆ. ನಿಂತರೆ ನಿಮಗೆ ಗೊತ್ತಾಗದಿರಬಹುದು. ಗೂಡಿನೊಳಗೆ ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ಕಣ್ಣು ಚುರುಚುರು ಅಂದರೆ ಕೋಳಿಗಳು ದಿನವಿಡೀ ಅದನ್ನೇ ಉಸಿರಾಡುತ್ತಿವೆ ಅಂತ ಅರ್ಥ.

ನೆಲಕ್ಕೆ ನಾಲ್ಕೈದು ಇಂಚು ದಪ್ಪಕ್ಕೆ ಹೊಟ್ಟು ಅಥವಾ ಮರದ ಸಿಪ್ಪೆ ಹಾಕಿ, ಆಗಾಗ ಕೆದಕಿ ತಿರುವಿ. ಒಂದು ಹಿಡಿ ತಗೊಂಡು ಮುಷ್ಟಿ ಬಿಗಿದು ಬಿಡಿ. ಉಂಡೆಯಾಗಿ ಉಳಿದರೆ ಒದ್ದೆ ಜಾಸ್ತಿ, ಒಣದ್ದು ಸೇರಿಸಬೇಕು. ಉದುರಿದರೆ ಸರಿ ಇದೆ. ನೀರಿನ ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವ ಹಾಗೆ ಇಟ್ಟಿಗೆ ಮೇಲೆ ಏರಿಸಿ ಅಥವಾ ನೇತುಹಾಕಿ. ಕೆಳಗಿದ್ದರೆ ಅದರಲ್ಲಿ ಕಾಲಿಟ್ಟು ಕೆದರಿ ಸುತ್ತಲೂ ಕೆಸರು ಮಾಡುತ್ತವೆ.

ನೊಣ ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ನೊಣ ಆಗಲು ಏಳರಿಂದ ಹತ್ತು ದಿನ ತಗೊಳ್ಳುತ್ತದೆ. ವಾರಕ್ಕೆ ಮುಂಚೆಯೇ ಒದ್ದೆ ಹಿಕ್ಕೆ ಎತ್ತಿದರೆ ಹುಳು ರೆಕ್ಕೆ ಕಟ್ಟುವುದಕ್ಕೇ ಬಿಡುವಿರುವುದಿಲ್ಲ. ತಿಂಗಳಿಗೊಮ್ಮೆ ಎಷ್ಟೇ ಚೆನ್ನಾಗಿ ತೊಳೆದರೂ ಅಷ್ಟು ಪ್ರಯೋಜನ ಇಲ್ಲ. ಎತ್ತಿದ್ದನ್ನು ಒಣ ಎಲೆ ಜೊತೆ ಪದರ ಪದರವಾಗಿ ಮುಚ್ಚಿ ಗೊಬ್ಬರ ಮಾಡಿ. ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ರಾತ್ರಿ ಫೀಡ್ ಒಳಗೆತ್ತಿಡಿ, ಇಲ್ಲದಿದ್ದರೆ ಮುಂದಿನ ದೂರು ಇಲಿಯದ್ದು.

ಗೋಡೆ ಹಾರುವುದಕ್ಕೆ ಒಂದೇ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿ. ಎರಡೂ ಕಡೆ ಕತ್ತರಿಸಬೇಡಿ. ಒಂದೇ ಕಡೆ ಕತ್ತರಿಸಿದರೆ ಹಾರುವಾಗ ವಾಲುತ್ತದೆ, ಗೋಡೆ ದಾಟುವುದು ಕಷ್ಟ. ಬೆಳೆದು ಮುಗಿದ ಗರಿಗೆ ನೋವಾಗುವುದಿಲ್ಲ. ಹೊಸದಾಗಿ ಬರುತ್ತಿರುವ ಗರಿಯ ಬುಡ ಕಪ್ಪಾಗಿದ್ದು ರಕ್ತ ಇರುತ್ತದೆ, ಅದನ್ನು ಮುಟ್ಟಬೇಡಿ. ಪುಕ್ಕ ಉದುರಿ ಮತ್ತೆ ಬಂದ ಮೇಲೆ ಇನ್ನೊಮ್ಮೆ ಕತ್ತರಿಸಬೇಕು.

ಇಷ್ಟಾದ ಮೇಲೆ ಬಲಗಡೆ ಮನೆಗೆ ಹೋಗಿ. ಮೊಟ್ಟೆ ತಗೊಂಡು ಹೋಗಬೇಡಿ, ಲಂಚ ಅನ್ನಿಸುತ್ತದೆ. ಏನೇನು ಬದಲಾಯಿಸಿದ್ದೀರಿ ಅಂತ ಹೇಳಿ, "ಮುಂದಿನ ವಾರವೂ ನೊಣ ಬಂದರೆ ನನಗೇ ಹೇಳಿ" ಅನ್ನಿ.


ಗೋಡೆ ಆಚೆಯವ:

ಹೂವಿನ ಪಾತಿಯನ್ನೂ ಸರಿ ಮಾಡಿಕೊಡಿ ಮೇಡಂ. ಅದು ಆಗದೆ ಉಳಿದದ್ದು ಯಾವುದೂ ಅವರ ಕಿವಿಗೆ ಬೀಳುವುದಿಲ್ಲ.


ಹಿತ್ತಲ ಗೂಡು:

ನಾಲ್ಕು ಹುಂಜ ಹೋದವು. ಜಾಸ್ತಿ ಹೇಂಟೆ ಇಟ್ಟುಕೊಂಡು ಮರಿ ಮಾಡುವವರೊಬ್ಬರು ತಗೊಂಡರು. ಐದನೆಯದನ್ನು ಮಗಳು ಬಿಡುತ್ತಿಲ್ಲ, ಅದಕ್ಕೆ ಹೆಸರೂ ಇಟ್ಟಿದ್ದಾಳೆ. ಹಳೇ ಬುಟ್ಟಿಯವರು ಹೇಳಿದ ಹಾಗೇ ಈಗ ಯಜಮಾನಿಕೆ ಅದಕ್ಕೆ, ಮೂರೂವರೆಗೆ ಸರಿಯಾಗಿ ಕೂಗುತ್ತದೆ. ಗುಂಡಿ ತೋಟದ ಆ ತುದಿಗೆ ಹೋಯಿತು, ನೀರು ನೇತುಬಿದ್ದಿದೆ. ಪಾತಿಗೆ ಸಸಿ ನೆಡಲು ಹೋದಾಗ ಬಲಗಡೆ ಮನೆಯವರು ಬಾಗಿಲಲ್ಲೇ ನಿಂತು ನೋಡಿದರು. "ನೊಣ ಕಡಿಮೆಯಾಗಿದೆ" ಅಂದರು. ಬೇರೇನೂ ಅನ್ನಲಿಲ್ಲ. ಐದನೆಯ ಹುಂಜದ ವಿಷಯ ನಾನೂ ಎತ್ತಲಿಲ್ಲ.

ಇನ್ನೊಂದು ಪ್ರಶ್ನೆ. ಮನೆಯವರು ಮೊಟ್ಟೆ ಇಡಲು ಮೂರು ಪೆಟ್ಟಿಗೆ ಮಾಡಿಟ್ಟಿದ್ದಾರೆ. ಎಲ್ಲಾ ಹೇಂಟೆಗಳೂ ಒಂದೇ ಪೆಟ್ಟಿಗೆಯ ಮುಂದೆ ಸಾಲು ನಿಂತು ಜಗಳ ಆಡುತ್ತವೆ, ಉಳಿದ ಎರಡು ಖಾಲಿ. ಏನು ಮಾಡುವುದು?


ಹಳೇ ಬುಟ್ಟಿ:

ಏನೂ ಮಾಡಲಾಗುವುದಿಲ್ಲ. ಬೇರೆ ಹೇಂಟೆ ಇಟ್ಟ ಜಾಗವೇ ಭದ್ರ ಅಂತ ಅವುಗಳ ಲೆಕ್ಕ. ಖಾಲಿ ಪೆಟ್ಟಿಗೆಗಳಲ್ಲಿ ಒಂದೊಂದು ಮರದ ಮೊಟ್ಟೆ ಇಟ್ಟು ನೋಡಿ, ಕೆಲವು ಮೋಸಹೋಗುತ್ತವೆ. ಮಗಳು ಶಾಲೆಯಿಂದ ಬಂದ ಮೇಲೆ ಹುಂಜದ ಮಾತು ಮತ್ತೆ ಎತ್ತಿ.